ಕೊನೆಯ ಡಬ್ಬಿಯ ಮೊದಲ ಸರಳು

ಕಳೆದ ವಾರ ಬೈರಿದೇವರಕೊಪ್ಪದ ನಮ್ಮ ಓಣಿಯ ತಿರುವಿನಲ್ಲಿ ಹಾಲಿನವನ ಸ್ಕೂಟರ್ ಜಾರಿ ಬಿತ್ತು. ಅವನಿಗೆ ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಕ್ಯಾನು ಮಾತ್ರ ರಸ್ತೆ ರಿಪೇರಿಗೆಂದು ಸುರಿದಿದ್ದ ಜಲ್ಲಿಕಲ್ಲಿನ ಗುಡ್ಡೆಯ ಮೇಲೆ ಬೋರಲಾಯಿತು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಹಾಲು ಇಳಿದಾಗ ಒಂದು ವಾಸನೆ ಬರುತ್ತದೆ... ಸಿಹಿಯಾಗಿ, ಸುಟ್ಟ ಹಾಗೆ. ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದವಳು ಚೀಲ ಕೆಳಗಿಟ್ಟೆ. ಅಲ್ಲೇ ಅಂಗಡಿ ಕಟ್ಟೆಯ ಮೇಲೆ ಕುಳಿತುಬಿಟ್ಟೆ. "ಬಿದ್ದಾಂವ ಅವ, ಕುಂತವರು ನೀವು ನೋಡ್ರಿ ಅಕ್ಕೋರ" ಎಂದು ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ. ಆ ವಾಸನೆಯ ಹಿಂದೆಯೇ ರಕ್ತದ ವಾಸನೆಯೂ ಬರುತ್ತದೆಂದು ನನ್ನ ಮೂಗು ಕಾಯುತ್ತಿತ್ತು.

ವರ್ಷಗಳ ಹಿಂದೆ ನಾನಿದ್ದದ್ದು ಪ್ಯಾಸೆಂಜರ್ ಗಾಡಿಯ ಕೊನೆಯ ಸ್ಟೇಷನ್ನಿನ ಊರಿನಲ್ಲಿ. ಬೆಳಿಗ್ಗೆ ಅಲ್ಲಿ ಗಾಡಿ ಹತ್ತಿ, ಹುಬ್ಬಳ್ಳಿಯ ಮಿಶನ್ ಶಾಲೆಯಲ್ಲಿ ಪಾಠ ಮಾಡಿ, ಸಂಜೆ ಅದೇ ಗಾಡಿಗೆ ಮರಳುತ್ತಿದ್ದೆ. ಹಾಲಿನವ್ವ ಸಿಕ್ಕದ್ದು ಆ ಗಾಡಿಯಲ್ಲಿ. ಎಮ್ಮೆ ಕಟ್ಟಿಕೊಂಡಿದ್ದ ವಿಧವೆ. ಎತ್ತರದ ಹೆಂಗಸು, ದನಿ ಇನ್ನೂ ಎತ್ತರ. ಶಾಲೆಯ ಟೀಚರ್ ಎಂದು ನನಗೆ ಕಿಟಕಿಯ ಪಕ್ಕ ಜಾಗ ಹಿಡಿದಿಡುತ್ತಿದ್ದಳು. ಬೇರೆ ಯಾರಾದರೂ ಕುಳಿತಿದ್ದರೆ ರಟ್ಟೆ ಹಿಡಿದು ಎಬ್ಬಿಸುತ್ತಿದ್ದಳು. ನನಗೆ ಸಂಕೋಚವಾಗುತ್ತಿತ್ತು, ಕುಳಿತುಕೊಳ್ಳುತ್ತಲೂ ಇದ್ದೆ.

ಕೊನೆಯ ಡಬ್ಬಿ ಹಾಲಿನವರದು. ಕಿಟಕಿಯ ಸರಳಿಗೆ ಕಬ್ಬಿಣದ ಕೊಕ್ಕೆ ಸಿಗಿಸಿ, ಕ್ಯಾನುಗಳನ್ನು ಹೊರಗೆ ಇಳಿಬಿಡುತ್ತಿದ್ದರು. ಯಾವ ಸರಳು ಯಾರದು ಎನ್ನುವುದು ಹಿರಿಯರ ಕಾಲದಿಂದ ಬಂದ ಹಕ್ಕು. ಗಾಡಿಯ ಡಬ್ಬಿಗಳು ಬದಲಾದರೂ ಜಾಗ ಬದಲಾಗುತ್ತಿರಲಿಲ್ಲ. ಬಾಗಿಲ ಪಕ್ಕದ ಮೊದಲ ಸರಳು ಹಾಲಿನವ್ವನದು, ಅವಳ ಅತ್ತೆಯಿಂದ ಬಂದದ್ದು. ಮೈಯಲ್ಲಿ ಹುಷಾರಿಲ್ಲದ ದಿನ ಅದಕ್ಕೊಂದು ಅರಿವೆ ತುಂಡು ಕಟ್ಟಿಸಿ ಕಳಿಸಿದರೆ ಮುಗಿಯಿತು, ಗಾಡಿ ಹುಬ್ಬಳ್ಳಿ ಮುಟ್ಟುವ ತನಕ ಯಾರೂ ಮುಟ್ಟುವಂತಿಲ್ಲ. ಮುಟ್ಟಿದವರಿಗೆ ಏಟು. ಒಮ್ಮೆ ಹೊಸಬನೊಬ್ಬ ತಿಳಿಯದೆ ಅಲ್ಲಿ ಕ್ಯಾನು ಸಿಗಿಸಿದ್ದ. ಹಾಲಿನವ್ವ ಮುಚ್ಚಳದಿಂದ ಅವನ ಬಾಯಿಗೆ ಬಾರಿಸಿದಳು. ಅವನು ಹಲ್ಲು ಉಗುಳಿ, ಕ್ಯಾನು ತೆಗೆದು, ಮರುದಿನ ಬೇರೆ ಸರಳು ಹುಡುಕಿಕೊಂಡ. ಆಮೇಲೆ ಇಬ್ಬರೂ ಒಂದೇ ಎಲೆಯಡಿಕೆ ಚೀಲದಿಂದ ಎಲೆ ತಿಂದರು. ಆ ಡಬ್ಬಿಯ ನ್ಯಾಯವೇ ಹಾಗೆ.

ಇಂಥ ಹೆಂಗಸಿಗೂ ಒಂದು ಹೆದರಿಕೆ ಇತ್ತು. ಅವಳ ಒಬ್ಬಳೇ ಮಗಳನ್ನು ನಮ್ಮ ಸ್ಟೇಷನ್ನಿನ ಆಚೆಯ ಊರಿಗೆ ಕೊಟ್ಟಿದ್ದಳು. ಅಳಿಯನೂ ಹಾಲಿನ ವ್ಯಾಪಾರದವನು. ಕಟ್ಟಿಕೊಂಡ ವರ್ಷವೇ ಹೊಡೆಯಲು ಶುರು ಮಾಡಿದ್ದ. ಬೆಲ್ಟು, ಸೌದೆ, ಕೈಗೆ ಸಿಕ್ಕಿದ್ದು. ಸುದ್ದಿ ತಿಳಿದು, ಸುತ್ತುಬಳಸಿನ ರಸ್ತೆಯಲ್ಲಿ ಎರಡು ಬಸ್ಸು ಬದಲಿಸಿ, ಹಾಲಿನವ್ವ ಅಲ್ಲಿ ಮುಟ್ಟುವಷ್ಟರಲ್ಲಿ ಬಾವು ಕಪ್ಪಾಗಿರುತ್ತಿತ್ತು. ಠಾಣೆಗೆ ದೂರು ಕೊಡಲು ಹೋದರೆ ಮನೆಯ ಜಗಳ ಮನೆಯಲ್ಲೇ ಮುಗಿಸಿಕೊಳ್ಳಿ ಎಂದು ಕಳಿಸುತ್ತಿದ್ದರು. "ಗಾಡಿ ಅಲ್ಲೀತನಾ ಹೋಗ್ತಿದ್ರ ಅಕ್ಕೋರ, ಆಕಿ ಚೀರಿದ್ದ ಕೇಳಿ ನಾ ಹೋಗಿ ನಿಂದರ್ತಿದ್ದೆ" ಅನ್ನುತ್ತಿದ್ದಳು. ಅದೇ ಅವಳ ಜಪವಾಯಿತು.

ಆಚೆಯ ಊರಿನ ತನಕ ಹಳಿ ಹಾಕಿ ಆಗಿತ್ತು. ಗೂಡ್ಸ್ ಗಾಡಿಗಳು ಹೋಗುತ್ತಿದ್ದವು, ಪ್ಯಾಸೆಂಜರ್ ಮಾತ್ರ ನಮ್ಮಲ್ಲೇ ನಿಂತು ಹಿಂದಿರುಗುತ್ತಿತ್ತು. ಅದನ್ನು ಮುಂದುವರಿಸಬೇಕೆಂದು ಹೋರಾಟ ಎದ್ದಾಗ ವ್ಯಾಪಾರಸ್ಥರು, ಕಾಲೇಜಿನವರು ಭಾಷಣ ಮಾಡಿದರು. ಹಾಲಿನವ್ವ ಹೋಗಿ ಹಳಿಯ ಮೇಲೆ ಅಡ್ಡ ಮಲಗಿದಳು. ಪೊಲೀಸರು ಲಾಠಿ ಬೀಸಿದಾಗ ಭಾಷಣದವರು ಓಡಿದರು, ಇವಳು ಏಳಲಿಲ್ಲ. ಎಡಗೈ ಮುರಿಯಿತು. ಪಟ್ಟಿ ಕಟ್ಟಿದ ಕೈಯನ್ನು ಡಬ್ಬಿಯಲ್ಲಿ ಎಲ್ಲರಿಗೂ ತೋರಿಸಿ ನಗುತ್ತಿದ್ದಳು... ಹೊಸ ಬಳೆ ತೋರಿಸುವ ಹಾಗೆ.

ಕೊನೆಗೂ ಗಾಡಿ ಮುಂದುವರಿಯಿತು. ಹಳಿಯ ಪಕ್ಕದ ಗ್ಯಾಂಗ್‌ಮನ್‌ಗಳ ಕಾಲುದಾರಿಯನ್ನೂ ಅಗಲ ಮಾಡಿ, ಕೆಂಪು ಕಲ್ಲು ಹಾಸಿ, ಆ ಊರಿನಿಂದ ನಮ್ಮ ಪ್ಲಾಟ್‌ಫಾರ್ಮಿನ ತುದಿಯ ತನಕ ನಡೆಯುವವರಿಗೆಂದು ದಾರಿ ಮಾಡಿದರು. ಮೊದಲ ದಿನ ಎಂಜಿನ್ನಿಗೆ ಬಾಳೆಕಂಬ ಕಟ್ಟಿ ಕಾಯಿ ಒಡೆದರು. ಹಾಲಿನವ್ವ ಇಳಕಲ್ ಸೀರೆ ಉಟ್ಟು, ಮಗಳನ್ನು ಕರೆದುಕೊಂಡೇ ಬರುತ್ತೇನೆಂದು ಹತ್ತಿ ಹೋದಳು. ಸಂಜೆ ಒಬ್ಬಳೇ ಬಂದಳು. ಅವನು ಬೆನ್ನು ಹತ್ತಿ ಬಂದು ನಿನ್ನನ್ನು ಕೊಂದಾನು, ನಾನು ಬರುವುದಿಲ್ಲ ಎಂದಿದ್ದಳಂತೆ ಮಗಳು.

ಮರುದಿನ ಬೆಳಿಗ್ಗೆ ಗಾಡಿ ಆಚೆಯಿಂದ ತುಂಬಿಕೊಂಡೇ ಬಂತು. ನಮ್ಮ ಊರಿನ ಯಾರಿಗೂ ಈ ಯೋಚನೆ ಬಂದಿರಲಿಲ್ಲ. ಗಾಡಿ ಇಲ್ಲಿಂದ ಅಲ್ಲಿಗೆ ಹೋಗುತ್ತದೆ ಎಂದಷ್ಟೇ ಕುಣಿದಿದ್ದೆವು. ಸರಳುಗಳಲ್ಲೆಲ್ಲ ಆ ಊರಿನ ಕ್ಯಾನುಗಳು ತೂಗುತ್ತಿದ್ದವು. ಬಾಗಿಲ ಪಕ್ಕದ ಮೊದಲ ಸರಳಿಗೆ ಅಳಿಯ ತನ್ನ ಕೊಕ್ಕೆ ಸಿಗಿಸಿ, ಕಾಲು ಚಾಚಿ ಕುಳಿತಿದ್ದ.

ಹಾಲಿನವ್ವ ಮುಚ್ಚಳ ಎತ್ತಿದಳು. ಅವನ ಹಣೆ ಸೀಳಿತು. ಡಬ್ಬಿಯ ತುಂಬ ಹೊಡೆದಾಟ, ಜುಟ್ಟು ಜುಟ್ಟು ಹಿಡಿದು. ಹಾಲು ಹೊಳೆಯಾಯಿತು. ಕೊನೆಗೆ ಅವನು ಕ್ಯಾನು ತೆಗೆದುಕೊಂಡು ಬಾಗಿಲಿಗೆ ಸರಿದ. ಗೆದ್ದೆವು ಎಂದುಕೊಂಡೆವು. ಆ ರಾತ್ರಿ ಅವನು ಹಾಲಿನವ್ವನ ಮಗಳ ಹಣೆಯನ್ನು ಅದೇ ಜಾಗದಲ್ಲಿ ಸೀಳಿದ. ಬೆಳಿಗ್ಗೆ ಡಬ್ಬಿಯಲ್ಲಿ ಅತ್ತೆಯ ಎದುರು ನಿಂತು, ತನ್ನ ಹಣೆಯ ಪಟ್ಟಿಯನ್ನು ಮುಟ್ಟಿ ತೋರಿಸಿ, ನಕ್ಕ.

ಅಂದಿನಿಂದ ಹಾಲಿನವ್ವನ ಕೈ ಏಳಲಿಲ್ಲ. ಸರಳು ಬಿಟ್ಟುಕೊಟ್ಟಳು. ಕ್ಯಾನನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ಶೌಚಾಲಯದ ಬಾಗಿಲಲ್ಲಿ ಕುಳಿತುಕೊಳ್ಳುತ್ತಿದ್ದಳು. ಅವನು ಬೇಕೆಂದೇ ಅವಳ ಸೆರಗು ತುಳಿದು ದಾಟುತ್ತಿದ್ದ. ಒಂದು ದಿನ ಹೆಗಲಿಗೆ ಒದ್ದ. ಡಬ್ಬಿಯ ಹೆಂಗಸರು ಎದ್ದರೆ ಇವಳೇ ಕೈಮುಗಿದು ಕೂರಿಸಿದಳು. ನಾನು ಸಿಟ್ಟು ನೆತ್ತಿಗೇರಿ ಅವಳನ್ನೇ ಬೈದೆ. "ಗಾಡಿ ಎರಡೂ ಕಡೆ ಓಡ್ತತಿ ಅನ್ನೂದು ನನಗ ತಿಳೀಲಿಲ್ಲ ನೋಡ್ರಿ ಅಕ್ಕೋರ" ಎಂದಳು. "ಇಲ್ಲಿ ಒಂದ ಏಟು ಹೊಡದ್ರ ಅಲ್ಲಿ ಹತ್ತು ಬೀಳ್ತಾವು." ತಾಯಿ ಸಾಯಬಾರದೆಂದು ಮಗಳು ಏಟು ತಿನ್ನುತ್ತಿದ್ದಳು, ಮಗಳಿಗೆ ಏಟು ಬೀಳಬಾರದೆಂದು ತಾಯಿ ಒದೆ ತಿನ್ನುತ್ತಿದ್ದಳು. ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ.

ಒಂದು ಬೆಳಿಗ್ಗೆ ನಾವೆಲ್ಲ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುತ್ತಿದ್ದೆವು. ಕೆಂಪು ಕಲ್ಲಿನ ದಾರಿಯಲ್ಲಿ ಹಾಲಿನವ್ವನ ಮಗಳು ಓಡುತ್ತ ಬರುತ್ತಿದ್ದಳು, ಕಾಲಲ್ಲಿ ಚಪ್ಪಲಿ ಇಲ್ಲ. ಗಾಡಿಯಲ್ಲಿ ತಾಯಿ ಒದೆ ತಿನ್ನುತ್ತಿದ್ದಾಳೆಂದು ಕೇಳಿದ ಮೇಲೆ ಅವಳಿಗೆ ಅಲ್ಲಿ ಇರಲಾಗಲಿಲ್ಲವಂತೆ. ಗಂಡ ಹಾಲು ಕೂಡಿಸಲು ಮನೆ ಬಿಟ್ಟ ಕೂಡಲೇ, ಕತ್ತಲಲ್ಲೇ, ಆ ದಾರಿ ಹಿಡಿದಿದ್ದಳು. ರಸ್ತೆಯ ಉದ್ದಕ್ಕೂ ಅವನ ನೆಂಟರಿದ್ದರು, ಹಳಿಯ ಪಕ್ಕ ಯಾರೂ ಇರಲಿಲ್ಲ. ಅವಳ ಹಿಂದೆಯೇ ಗಾಡಿ ಬಂತು. ಸ್ಟೇಷನ್ನಿಗೆ ನಿಧಾನ ಮಾಡುತ್ತ ಅವಳನ್ನು ದಾಟಿತು. ಬಾಗಿಲಲ್ಲಿ ನಿಂತಿದ್ದವನು ಅವಳನ್ನು ನೋಡಿದ. ಸರಳಿನ ಕೊಕ್ಕೆ ಕಿತ್ತುಕೊಂಡು, ಗಾಡಿ ನಿಲ್ಲುವ ಮೊದಲೇ ಧುಮುಕಿದ.

ಹಾಲಿನವ್ವ ಕ್ಯಾನು ಕೈಬಿಟ್ಟು ದಾರಿಯ ಪಕ್ಕದ ಜಲ್ಲಿಗೆ ಹಾರಿದಳು. "ಓಡ! ಮನಿಗೆ ಓಡ!" ಎಂದು ಮಗಳಿಗೆ ಕೂಗಿ, ಕೈ ಅಗಲಿಸಿ ಅವನಿಗೆ ಅಡ್ಡ ನಿಂತಳು. ಅವನು ಕೊಕ್ಕೆ ಬೀಸಿದ. ಅವಳು ಬೀಳುತ್ತ ಅವನ ಎರಡೂ ಕಾಲು ತಬ್ಬಿ ಹಿಡಿದಳು. ಅವನು ಬಗ್ಗಿ ಬಗ್ಗಿ ತಲೆಗೆ ಹೊಡೆದ. ಅವಳು ಬಿಡಲಿಲ್ಲ. ಉರುಳಿದ ಕ್ಯಾನಿನ ಹಾಲು ಕಲ್ಲುಗಳ ನಡುವೆ ಹರಿದು ಅವಳ ಕೂದಲಿಗೆ ಬಂದು ಕೆಂಪಾಗುತ್ತಿತ್ತು...

ಆಮೇಲೆ ಕೊನೆಯ ಡಬ್ಬಿ ಪೂರ್ತಿ ಇಳಿಯಿತು. ಡಬ್ಬಿಯಿಂದ ಆ ಊರಿನವರು, ಪ್ಲಾಟ್‌ಫಾರ್ಮಿನಿಂದ ಈ ಊರಿನವರು, ಎಲ್ಲ ಹೆಂಗಸರು. ಮುಚ್ಚಳ, ಕೊಕ್ಕೆ, ಜಲ್ಲಿಕಲ್ಲು. ಅವನ ದವಡೆ ಮುರಿದ ಸದ್ದು ನನಗೆ ಕೇಳಿಸಿತು. ನನ್ನ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇತ್ತು, ಅದರಲ್ಲೇ ಹೊಡೆದೆ. ಮಕ್ಕಳಿಗೆ ಕ್ಷಮೆಯ ಪಾಠ ಹೇಳುವವಳು ನಾನು. ಹೊಡೆದೆ, ಅದಕ್ಕೆ ಇವತ್ತಿಗೂ ನನಗೆ ಬೇಸರವಿಲ್ಲ. ಪೊಲೀಸರು ಬಂದು ಬಿಡಿಸಿದ್ದರಿಂದ ಜೈಲಿಗೆ ಹೋಗುವಷ್ಟು ಜೀವ ಅವನಲ್ಲಿ ಉಳಿಯಿತು.

ಹಾಲಿನವ್ವನನ್ನು ಸತ್ತೂರಿನ ಆಸ್ಪತ್ರೆಗೆ ಸಾಗಿಸಿದೆವು. ಕಣ್ಣು ಬಿಡಲಿಲ್ಲ. ಮಗಳ ಮುಂಗೈಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದಳು. ಅದೇ ಹಿಡಿತದಲ್ಲಿ ಹೋದಳು. ನರ್ಸು ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ವಾಸನೆ ಮೂಗಿನಿಂದ ಹೋಗದೆ, ಮೊನ್ನೆ ಭಾನುವಾರ ಸಂಜೆ ಹುಬ್ಬಳ್ಳಿಯಲ್ಲಿ ಆ ಗಾಡಿ ಹತ್ತಿದೆ. ನನ್ನ ತಲೆಯೆಲ್ಲ ಬೆಳ್ಳಗಾಗಿದೆ, ಆದರೂ ಕೊನೆಯ ಡಬ್ಬಿಗೇ ಹೋದೆ. ಬಾಗಿಲ ಪಕ್ಕದ ಮೊದಲ ಸರಳಿಗೆ ಖಾಲಿ ಕ್ಯಾನುಗಳು ತೂಗುತ್ತಿದ್ದವು. ಹಣೆಯ ಮೇಲೆ ಗಾಯದ ಗೀಟು ಇರುವ ಹೆಂಗಸೊಬ್ಬಳು ಒಬ್ಬನ ರಟ್ಟೆ ಹಿಡಿದು ಎಬ್ಬಿಸಿ, "ಬರ್ರಿ ಅಕ್ಕೋರ, ಕುಂದರ್ರಿ" ಎಂದಳು. ತಾಯಿಯದೇ ದನಿ. ನನಗೆ ಅಳು ತಡೆಯಲಾಗಲಿಲ್ಲ. ಆಚೆಯ ಊರಿಗೆ ಎಂದಾದರೂ ಹೋಗಿದ್ದೆಯಾ ಎಂದು ಕೇಳಿದೆ. "ಈ ಗಾಡಿ ನಮ್ಮೂರಾಗ ನಿಂದರ್ತತಿ, ನಾ ಇಳೀತೇನಿ. ಮುಂದಿಂದು ನನಗ ಗೊತ್ತಿಲ್ರಿ" ಎಂದಳು.

ಊರು ಬಂತು. ಪ್ಲಾಟ್‌ಫಾರ್ಮಿನ ತುದಿಯ ಕೆಂಪು ಕಲ್ಲಿನ ದಾರಿಯಲ್ಲಿ ಜನ ಬೂಟು ಹಾಕಿಕೊಂಡು ಸಂಜೆಯ ವಾಕಿಂಗ್ ಮಾಡುತ್ತಿದ್ದರು. ಅವಳ ಮನೆಗೆ ಅದೇ ಹತ್ತಿರದ ದಾರಿ. ಅವಳು ಆ ಕಡೆ ಮುಖ ಕೂಡ ಹಾಕದೆ, ಕ್ಯಾನು ಹೊತ್ತು ಹೊಲದ ಸುತ್ತಿನ ದಾರಿ ಹಿಡಿದಳು. ನನ್ನ ಮೊಣಕಾಲು ನೋಯುತ್ತಿತ್ತು. ಆದರೂ ಆ ಕಲ್ಲುಗಳ ಮೇಲೆ ಕಾಲಿಡಲು ನನಗೂ ಆಗಲಿಲ್ಲ, ಅವಳ ಹಿಂದೆ ಅದೇ ಸುತ್ತು ಹಾಕಿ ನಡೆದೆ.