ನಕಲು ಮಾಡದೆ ಉಳಿದ ಚೀಟಿ

ಘೋಟೀವ್ ಕಾಗದ ಎಂದರೆ ಊರಿನ ಕಡೆಯವರಿಗೆ ಗೊತ್ತಾಗಲಿಕ್ಕಿಲ್ಲ. ಒಂದು ಬದಿ ಮಿರಮಿರ ಹೊಳೆಯುವ, ಇನ್ನೊಂದು ಬದಿ ಬೆಳ್ಳಗಿರುವ ಬಣ್ಣದ ಕಾಗದ. ಮುಂಬಯಿ ಕಡೆಯ ಮಕ್ಕಳ ಪ್ರಾಜೆಕ್ಟುಗಳೆಲ್ಲ ನಿಂತಿರುವುದೇ ಅದರ ಮೇಲೆ. ಕಳೆದ ತಿಂಗಳು ಮಗಳ ಪ್ರಾಜೆಕ್ಟಿಗೆಂದು ಕಲ್ಯಾಣ್ ಸ್ಟೇಷನ್ ಹೊರಗಿನ ಅಂಗಡಿಯಲ್ಲಿ ಅದನ್ನು ಕೇಳಿದೆ. ಅಂಗಡಿಯವನು ಕಪ್ಪು ಹಾಳೆಗಳ ಸುರುಳಿ ಬಿಚ್ಚಿ ಮುಂದೆ ಹರಡಿದ. ಬಣ್ಣ, ಅಂಟು ಕೂಡಿದ ಆ ಹಳೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಒಂದು ಹೆಜ್ಜೆ ಹಿಂದೆ ಸರಿದೆ. ಸಿಹಿ ನೆನಪಲ್ಲ ಅದು, ಶುದ್ಧ ಹೆದರಿಕೆ. ನಲವತ್ತರ ಹತ್ತಿರ ಬಂದ ಹೆಂಗಸು, ಬೇಲಾಪುರದ ಆಫೀಸಿನಲ್ಲಿ ಹತ್ತು ಜನರನ್ನು ಗದರಿಸಿ ಕೆಲಸ ಮಾಡಿಸುವವಳು, ಒಂದು ಕಪ್ಪು ಕಾಗದ ಮುಟ್ಟಲಾರದೆ ನಿಂತೆ. ಕೊನೆಗೆ ನೀಲಿ ಕೊಡಿ ಎಂದೆ.

ಆ ಕಪ್ಪು ಕಾಗದ ನನ್ನ ಮಟ್ಟಿಗೆ ಲೈಬ್ರರಿ ಬಾಯಿಯವರದು. ಡೊಂಬಿವಲಿಯ ನಮ್ಮ ಶಾಲೆ ಇಂಗ್ಲಿಷ್ ಮೀಡಿಯಂ ಆಗಿದ್ದರೂ ಟೀಚರುಗಳನ್ನು ಮರಾಠಿ ರೂಢಿಯಂತೆ ಬಾಯಿ ಎಂದೇ ಕರೆಯುತ್ತಿದ್ದೆವು. ಊರಿನಿಂದ ಬಂದ ನೆಂಟರು ಅದನ್ನು ಕೇಳಿ ನಗುತ್ತಿದ್ದರು. ಲೈಬ್ರರಿ ಬಾಯಿಯವರಿಗೆ ಹೆಸರಿತ್ತು, ಇಲ್ಲದೆ ಇರುತ್ತದೆಯೇ... ಆದರೆ ಯಾರಾದರೂ ಆ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಐವತ್ತು ದಾಟಿದ ತೆಳ್ಳನೆಯ ಹೆಂಗಸು, ಬಳೆಗಳಿಗೆ ಸದಾ ನಾಲ್ಕೈದು ಸೇಫ್ಟಿ ಪಿನ್ನು. ಮೂರನೇ ಮಹಡಿಯಲ್ಲಿ ನೀರಿನ ಟಾಂಕಿಯ ಪಕ್ಕದ ಕೋಣೆ ಅವರ ರಾಜ್ಯ. ಎಂಟನೇ, ಒಂಬತ್ತನೇ ಕ್ಲಾಸಿನ ನಾವು ಅಲ್ಲಿಗೆ ಹೋಗುತ್ತಿದ್ದದ್ದು ಫ್ಯಾನಿನ ಗಾಳಿಗೆ. ಶಾಲೆ, ಅದು ಮುಗಿದರೆ ಕೋಚಿಂಗ್ ಕ್ಲಾಸು, ಎರಡರದ್ದೂ ಹೋಮ್‌ವರ್ಕು. ಕಥೆಪುಸ್ತಕ ಮುಟ್ಟುವವರು ಯಾರು?

ಬಾಯಿಯವರು ಬೈಯಲಿಲ್ಲ. ಕಿಟಕಿಯ ಪಕ್ಕದ ಉದ್ದ ಟೇಬಲ್ಲಿನ ಮೇಲೆ ತಿಂಗಳಿಗೊಂದು ಡಿಸ್‌ಪ್ಲೇ ಮಾಡತೊಡಗಿದರು. ಒಮ್ಮೆ ರಟ್ಟಿನಲ್ಲಿ ಲೋಕಲ್ ಟ್ರೇನಿನ ಡಬ್ಬಿ ಕಟ್ಟಿದರು. ಮೂವರು ಕೂರುವ ಸೀಟು, ಅದರ ಅಂಚಿನಲ್ಲಿ ನಾಲ್ಕನೆಯವರು ಅರ್ಧ ಕುಂಡೆ ಊರುವಷ್ಟು ಜಾಗ. ವರ್ಷಗಟ್ಟಲೆ ಯಾರೂ ಒಯ್ಯದ ಪುಸ್ತಕವನ್ನು ಆ ನಾಲ್ಕನೇ ಸೀಟಿನಲ್ಲಿ ಕೂರಿಸುತ್ತಿದ್ದರು, ಇನ್ನೇನು ಬಿದ್ದೇಹೋಗುತ್ತದೆ ಅನ್ನುವ ಹಾಗೆ. ಡೊಂಬಿವಲಿಯ ನೂಕುನುಗ್ಗಲಿನಲ್ಲಿ ಬೆಳೆದ ಮಕ್ಕಳು ನಾವು. ಪಾಪ ಅನ್ನಿಸಿ ಅದನ್ನೇ ಎತ್ತಿಕೊಳ್ಳುತ್ತಿದ್ದೆವು. ಎತ್ತಿಕೊಂಡದ್ದನ್ನು ಮನೆಗೊಯ್ದು ಓದಿಯೂ ಬಿಡುತ್ತಿದ್ದೆವು! ಇನ್ನೊಂದು ತಿಂಗಳು ಪುಸ್ತಕಗಳನ್ನು ಊಟದ ಡಬ್ಬಿಗಳೊಳಗೆ ಬಚ್ಚಿಟ್ಟು, ಮುಚ್ಚಳದ ಮೇಲೆ ಖಾರ, ಸಿಹಿ, ಹುಳಿ ಎಂದು ಬರೆದಿದ್ದರು. ಖಾರದ ಡಬ್ಬಿಗಾಗಿ ಹುಡುಗರು ಜಗಳವಾಡಿದರು.

ನಮ್ಮ ಮನೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಅಪ್ಪ ಠಾಣೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದರು. ಕುಡಿಯುವವರಲ್ಲ, ಸಿಗರೇಟು ಮುಟ್ಟಿದವರಲ್ಲ, ಸೊಸೈಟಿಯಲ್ಲಿ ಎಲ್ಲರ ಬಾಯಲ್ಲೂ ಮರ್ಯಾದಸ್ಥ. ಸಿಟ್ಟು ಮಾತ್ರ... ಅದು ಹೇಳದೆ ಕೇಳದೆ ಬರುತ್ತಿತ್ತು. ಸಾರಿಗೆ ಉಪ್ಪು ಹೆಚ್ಚಾದರೆ ಬರುತ್ತಿತ್ತು, ಟವೆಲ್ ಒದ್ದೆಯಿದ್ದರೆ ಬರುತ್ತಿತ್ತು, ಏನೂ ಆಗದಿದ್ದರೂ ಬರುತ್ತಿತ್ತು. ಅಮ್ಮನ ಕೆನ್ನೆಯಲ್ಲಿ ಬೆರಳು ಮೂಡಿದ ಮರುದಿನ ತರಕಾರಿಗೆ ನಾನೇ ಹೋಗಬೇಕು. ಅದೇ ಅಪ್ಪ ರಜೆಯ ಮಧ್ಯಾಹ್ನ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಕನ್ನಡ ಅಕ್ಷರ ಕಲಿಸಿದರು. ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷು, ಆಟಕ್ಕೆ ಇಳಿದರೆ ಹಿಂದಿ, ಮರಾಠಿ. ಕನ್ನಡ ಬರೆಯಲು ಇನ್ನೆಲ್ಲಿಂದ ಬರಬೇಕು? ತಪ್ಪಿದರೆ ಬೆರಳ ಗಂಟಿಗೆ ಸ್ಕೇಲಿನ ಏಟು, ಸರಿಯಾದರೆ ತಲೆ ಸವರುವುದು. ತಲೆ ಸವರುವಾಗಲೂ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬಾಯಿಯವರು ಕಪ್ಪು ಘೋಟೀವ್ ಕಾಗದದಿಂದ ಟೇಬಲ್ಲಿನ ಮೇಲೆ ಒಂದು ಗುಹೆ ಕಟ್ಟಿದರು. ಆ ತಿಂಗಳ ವಿಷಯ ಭಯ. ಬಾಗಿಲ ಬಳಿ ಒಂದು ಡಬ್ಬ ಇಟ್ಟು, ನಿಮಗೆ ಯಾವುದರ ಹೆದರಿಕೆಯೋ ಚೀಟಿಯಲ್ಲಿ ಬರೆದು ಹಾಕಿ, ಹೆಸರು ಬೇಡ ಎಂದರು. ಚೀಟಿಗಳನ್ನು ಗುಹೆಯೊಳಗೆ ಅಂಟಿಸಿ, ಒಂದೊಂದು ಹೆದರಿಕೆಯ ಪಕ್ಕದಲ್ಲೂ ಅದಕ್ಕೆ ತಕ್ಕ ಒಂದು ಪುಸ್ತಕ ಇಡುವುದು ಅವರ ಯೋಚನೆ. ಅಕ್ಷರ ನೋಡಿ ಗುರುತು ಹಿಡಿಯುತ್ತಾರಲ್ಲ ಎಂದು ಯಾರೋ ಕೇಳಿದರು. ಎಲ್ಲ ಚೀಟಿಗಳನ್ನೂ ನನ್ನ ಕೈಯಲ್ಲೇ ನಕಲು ಮಾಡಿ, ನಿಮ್ಮದನ್ನು ಹರಿದು ಹಾಕುತ್ತೇನೆ ಎಂದರು. ಹೇಳಿದಂತೆ ನಡೆಯುವ ಹೆಂಗಸು ಅವರು.

ಮೂರು ದಿನ ನಾನು ಬರೆಯಲಿಲ್ಲ. ನಾಲ್ಕನೇ ದಿನ ಬರೆದೆ, ಕನ್ನಡದಲ್ಲಿ. "ಅಪ್ಪ ಬೆಲ್ ಒತ್ತಿದರೆ ನನಗೆ ಹೆದರಿಕೆ. ಇವತ್ತು ಅಮ್ಮನಿಗೆ ಹೊಡೆಯುತ್ತಾರೋ ಏನೋ." ಶಾಲೆಯಲ್ಲಿ ಯಾರಿಗೂ ಓದಲು ಬಾರದು ಎಂಬ ಧೈರ್ಯ. ಬರೆದ ಹಾಗೂ ಆಯಿತು, ಹೇಳದ ಹಾಗೂ ಆಯಿತು. ಅರ್ಥವಾಗದ ಚೀಟಿಯನ್ನು ಬಾಯಿಯವರು ಕಸದ ಬುಟ್ಟಿಗೆ ಹಾಕುತ್ತಾರೆ ಎಂದುಕೊಂಡೆ. ನನ್ನಂಥ ಜಾಣೆ ಇಲ್ಲ ಎಂದೂ ಅಂದುಕೊಂಡೆ.

ಸೋಮವಾರ ಗುಹೆ ತೆರೆಯಿತು. ಗಣಿತ, ಹಲ್ಲಿ, ಟ್ರೇನಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದು, ಬೋರ್ಡ್ ಪರೀಕ್ಷೆ, ಮೊಡವೆ. ಎಲ್ಲವೂ ಬಾಯಿಯವರ ದುಂಡು ಅಕ್ಷರದಲ್ಲಿ. ನಟ್ಟನಡುವೆ ನನ್ನ ಚೀಟಿ, ನನ್ನದೇ ಕೈಬರಹದಲ್ಲಿ. ಓದಲು ಬಾರದ್ದನ್ನು ಅವರು ನಕಲು ಮಾಡುವುದಾದರೂ ಹೇಗೆ? ಯಾವುದೋ ಮಗುವಿನ ಹೆದರಿಕೆಯನ್ನು ಬಿಸಾಡಲು ಮನಸ್ಸು ಬಂದಿರಲಿಲ್ಲ, ಇದ್ದ ಹಾಗೆಯೇ ಪಿನ್ನು ಚುಚ್ಚಿದ್ದರು. ಪಕ್ಕದ ಸ್ಟ್ಯಾಂಡ್ ಖಾಲಿ. ಅದಕ್ಕೊಂದು ಕಾರ್ಡು ಅಂಟಿಸಿದ್ದರು: ನನಗೆ ಈ ಲಿಪಿ ಬಾರದು, ಬಲ್ಲವರು ಬಂದು ಹೇಳಿದರೆ ಪುಸ್ತಕ ಹುಡುಕಿ ಇಡುತ್ತೇನೆ.

ನಮ್ಮ ಶಾಲೆಯಲ್ಲಿ ಕನ್ನಡದ ಮನೆಯ ಮಕ್ಕಳು ಇದ್ದರು. ಆದರೆ ಕನ್ನಡ ಬರೆಯಬಲ್ಲವಳು ನಾನೊಬ್ಬಳೇ. ಅದು ನನಗೆ ಹೊಳೆದದ್ದು ಆಗ. ಅಡಗಿಕೊಳ್ಳಲೆಂದು ಹೊಕ್ಕ ಜಾಗದಲ್ಲೇ ಹೆಸರು ಬರೆದು ನಿಂತಂತಾಗಿತ್ತು. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿ ಮೊಣಕೈಯಿಂದ ತಿವಿದಳು. "ಏ, ಯೇ ತೋ ತುಮ್ಹಾರಾ ಕನ್ನಡ್ ಹೈ ನಾ? ಪಢ್ ನಾ." ಇದು ನಿಮ್ಮ ಕನ್ನಡ ಅಲ್ಲವಾ, ಓದು ಎಂದಳು.

"ಮುಝೇ ಪಢನಾ ನಹೀ ಆತಾ," ಎಂದೆ. ನನಗೆ ಓದಲು ಬರುವುದಿಲ್ಲ ಎಂದದ್ದು ಬಾಯಿಯವರಿಗೂ ಕೇಳಿಸಿತು.

ಶನಿವಾರ ಓಪನ್ ಹೌಸ್ ಇತ್ತು. ತಂದೆತಾಯಿ ಬಂದು ಮಾರ್ಕ್ಸ್ ನೋಡಿ, ಹಾಗೆಯೇ ಮೇಲೆ ಹೋಗಿ ಡಿಸ್‌ಪ್ಲೇ ನೋಡಿಕೊಂಡು ಹೋಗುವುದು ವಾಡಿಕೆ. ನಮ್ಮ ಮನೆಯಿಂದ ಯಾವಾಗಲೂ ಬರುವವರು ಅಪ್ಪ. ನನ್ನ ಅಕ್ಷರದ ಒಂದೊಂದು ಕೊಂಬನ್ನೂ ತಿದ್ದಿದವರು ಅವರು. ಓದುವುದಿರಲಿ, ದೂರದಿಂದಲೇ ಗುರುತು ಹಿಡಿಯುತ್ತಾರೆ. ಅಷ್ಟು ಜನರ ಮುಂದೆ ಏನೂ ಅನ್ನುವುದಿಲ್ಲ. ಮನೆಗೆ ಬಂದ ಮೇಲೆ... ಮತ್ತು ಏಟು ತಿನ್ನುವವಳು ನಾನಲ್ಲ. ಮಗಳಿಗೆ ಇದನ್ನೇ ಕಲಿಸಿದ್ದಾ ಎಂದು ಅಮ್ಮನ ಮೇಲೆಯೇ ಹೋಗುತ್ತಾರೆ. ಆ ವಾರ ನನಗೆ ಅನ್ನ ಇಳಿಯಲಿಲ್ಲ. ಅಮ್ಮ ಹಣೆ ಮುಟ್ಟಿ ಜ್ವರ ನೋಡಿದಳು.

ದಿನಾ ಮೂರು ಮಹಡಿ ಹತ್ತುತ್ತಿದ್ದೆ, ಯಾರಾದರೂ ಇರುತ್ತಿದ್ದರು, ಇಳಿಯುತ್ತಿದ್ದೆ. ತೆಗೆಯಿರಿ ಎಂದು ಕೇಳಿದರೆ ನನ್ನದೇ ಎಂದು ಒಪ್ಪಿದಂತೆ. ಕೇಳದಿದ್ದರೆ ಶನಿವಾರ ಬಂದೇ ಬರುತ್ತದೆ. ಶುಕ್ರವಾರ ಊಟದ ಬಿಡುವಿನಲ್ಲಿ ಬಾಯಿಯವರು ಒಬ್ಬರೇ ಕೂತು ಡಬ್ಬಿ ಬಿಚ್ಚುತ್ತಿದ್ದರು. ಹೋಗಿ, ಆ ಚೀಟಿ ತೆಗೆದುಬಿಡಿ ಎಂದೆ.

"ತುಝೀ ಆಹೇ ಕಾ?" ನಿನ್ನದೇನು ಎಂದು ಕೇಳಿದರು.

ಅಲ್ಲ ಎಂದೆ. ಮತ್ತೇಕೆ ತೆಗೆಯಬೇಕು ಎಂದರು. ಅದರಲ್ಲಿ ಕೆಟ್ಟ ಬೈಗುಳ ಬರೆದಿದೆ ಎಂದೆ. ಓದಲು ಬರುವುದಿಲ್ಲ ಎಂದು ಸೋಮವಾರವಷ್ಟೇ ಹೇಳಿದವಳು! ಬಾಯಿಯವರು ಅದನ್ನು ಎತ್ತಿ ಆಡಲಿಲ್ಲ. ಎದ್ದು ಹೋಗಿ ಪಿನ್ನು ಕಿತ್ತರು, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ತಮ್ಮ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡರು. ಹರಿದು ಹಾಕಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟಕ್ಕೇ ಬದುಕಿದೆ ಎಂದುಕೊಂಡು ಮೆಟ್ಟಿಲಿಳಿದೆ.

ಶನಿವಾರ ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಬಂದರು. ಮಾರ್ಕ್ಸು ಚೆನ್ನಾಗಿತ್ತು, ಮುಖ ಅರಳಿತ್ತು. ಲೈಬ್ರರಿಗೆ ಹತ್ತಿದೆವು. ಅಷ್ಟರಲ್ಲಿ ಆ ನನ್ನ ಗೆಳತಿ ಓಡಿ ಬಂದು, "ಅಂಕಲ್, ಇಧರ್ ಆಪ್‌ಕೀ ಭಾಷಾ ಮೇ ಭೀ ಏಕ್ ಚಿಠ್ಠೀ ಥೀ," ಇಲ್ಲಿ ನಿಮ್ಮ ಭಾಷೆಯದ್ದೂ ಒಂದು ಚೀಟಿ ಇತ್ತು ಎಂದಳು. ಪಾಪ, ಒಳ್ಳೆಯ ಸುದ್ದಿ ಎಂದೇ ಹೇಳಿದ್ದು.

"ಹೌದಾ? ನೀನು ಬರ್ದದ್ದಾ?" ಅಪ್ಪನಿಗೆ ಹಿಗ್ಗು, ತುಳು ಬಿಟ್ಟು ಕನ್ನಡದಲ್ಲೇ ಕೇಳಿದರು. "ಎಂತ ಬರ್ದದ್ದು ಮಗಾ?"

"ಹಲ್ಲಿ ಅಂದ್ರೆ ಹೆದ್ರಿಕೆ ಅಂತ."

ಅಪ್ಪ ಗಟ್ಟಿಯಾಗಿ ನಕ್ಕರು. ಬಾಯಿಯವರ ಬಳಿ ಹೋಗಿ, ಈ ಊರಿನಲ್ಲಿ ಹುಟ್ಟಿದ ಮಗಳಿಗೆ ನಾನೇ ಕನ್ನಡ ಕಲಿಸಿದ್ದು, ಆ ಚೀಟಿ ಕೊಡಿ, ಹೋಟೆಲಿನಲ್ಲಿ ಎಲ್ಲರಿಗೂ ತೋರಿಸಬೇಕು ಎಂದು ಹಿಂದಿಯಲ್ಲಿ ಕೇಳಿದರು. ಬಾಯಿಯವರು ನನ್ನನ್ನು ನೋಡಿದರು. ನಾನು ಅವರ ಕೈಯಲ್ಲಿದ್ದ ಕನ್ನಡಕದ ಡಬ್ಬಿಯನ್ನೇ ನೋಡುತ್ತಿದ್ದೆ. ನನ್ನ ಮುಖದಲ್ಲಿ ಅವರು ಏನು ಕಂಡರೋ...

"ಫಾಟಲೀ. ಕಚರ್‍ಯಾತ ಗೇಲೀ," ಎಂದರು. ಹರಿದುಹೋಯಿತು, ಕಸಕ್ಕೆ ಹೋಯಿತು.

ಅಪ್ಪನ ನಗು ಆರಿತು. ಗುಹೆಯ ತುಂಬ ಚೀಟಿಗಳು, ಖಾಲಿ ಇದ್ದದ್ದು ಒಂದೇ ಜಾಗ, ಅದರ ಪಕ್ಕದಲ್ಲಿ ನನಗೆ ಈ ಲಿಪಿ ಬಾರದು ಎಂಬ ಕಾರ್ಡು. ಮನೆಯಲ್ಲಿ ನಾನು ಬಲ್ಲ ಆ ದನಿ ಅಲ್ಲಿ ಎದ್ದಿತು. "ಹಮಾರಾ ಕನ್ನಡಾ ಆಪ್‌ಕೋ ಕಚರಾ ಲಗಾ?" ನಮ್ಮ ಕನ್ನಡ ನಿಮಗೆ ಕಸವಾಯಿತೇ ಎಂದು ಟೇಬಲ್ಲಿಗೆ ಗುದ್ದಿದರು. ಮಕ್ಕಳು, ತಂದೆತಾಯಿ ಎಲ್ಲ ಸುತ್ತ ಸೇರಿದರು, ಪ್ರಿನ್ಸಿಪಾಲರು ಬಂದರು. ಬಾಯಿಯವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ಮುಚ್ಚಳ ತೆಗೆದು ಚೀಟಿ ಕೊಟ್ಟಿದ್ದರೆ ಅವರ ಕಷ್ಟ ಆ ಕ್ಷಣಕ್ಕೆ ಮುಗಿಯುತ್ತಿತ್ತು. ತೆಗೆಯಲಿಲ್ಲ. ತಪ್ಪಾಯಿತು ಎಂದರು, ಮತ್ತೆ ತಪ್ಪಾಯಿತು ಎಂದರು. ನಾನು ಅಪ್ಪನ ಬೆನ್ನ ಹಿಂದೆ ನಿಂತಿದ್ದೆ. ತುಟಿ ಬಿಚ್ಚಲಿಲ್ಲ.

ಆ ಸಂಜೆ ಅಪ್ಪ ಗೆದ್ದು ಬಂದ ಖುಷಿಯಲ್ಲಿದ್ದರು. ಅಮ್ಮನ ಜೊತೆ ನಗುತ್ತಾ ಮಾತಾಡಿದರು. ಇವತ್ತು ಅಮ್ಮ ಉಳಿದಳು ಎಂದು ನನಗೆ ಸಮಾಧಾನವಾಯಿತು. ಈ ಮಾತನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಪ್ಪ ಅಷ್ಟಕ್ಕೆ ಬಿಡಲಿಲ್ಲ. ನಾಲ್ಕಾರು ಕನ್ನಡದ ಮನೆಗಳ ಸಹಿ ಹಾಕಿಸಿ ಮ್ಯಾನೇಜ್‌ಮೆಂಟಿಗೆ ಪತ್ರ ಕೊಟ್ಟರು. ಡಿಸ್‌ಪ್ಲೇಗಳು ನಿಂತವು. ಬಾಯಿಯವರ ಕೆಲಸ ಪರ್ಮನೆಂಟ್ ಆಗಿರಲಿಲ್ಲ, ಬೇಸಿಗೆ ರಜೆಯ ನಂತರ ಅವರನ್ನು ಮತ್ತೆ ಕರೆಯಲಿಲ್ಲ.

ವರ್ಷದ ಕೊನೆಯ ದಿನ ಮೆಟ್ಟಿಲಿನಲ್ಲಿ ಎದುರಾದರು. "ಘರೀ ಸಗಳಂ ಠೀಕ್ ಆಹೇ ನಾ?" ಮನೆಯಲ್ಲಿ ಎಲ್ಲ ಸರಿಯಿದೆಯಾ ಎಂದು ಮೆಲ್ಲಗೆ ಕೇಳಿದರು. ಹ್ಞೂಂ ಎಂದೆ. ಶಹಾಡ್‌ನಲ್ಲಿ ತಮ್ಮ ಮನೆ ಇರುವುದು ಎಲ್ಲಿ ಎಂದು ಹೇಳಿ, ಯಾವಾಗ ಬೇಕಾದರೂ ಬಾ, ಅಮ್ಮನನ್ನೂ ಕರೆದುಕೊಂಡು ಬಾ ಎಂದರು. ಅಮ್ಮನನ್ನೂ... ಚೀಟಿಯನ್ನು ಯಾರಿಂದಾದರೂ ಓದಿಸಿದ್ದರೋ, ನನ್ನ ಮುಖದಲ್ಲೇ ಓದಿಕೊಂಡಿದ್ದರೋ ನನಗೆ ತಿಳಿಯದು.

ನಾನು ಹೋಗಲಿಲ್ಲ. ಕಲ್ಯಾಣ್‌ನಲ್ಲಿ ಸಂಸಾರ ಹೂಡಿದ ಮೇಲೆ ಶಹಾಡ್ ಒಂದೇ ಸ್ಟೇಷನ್ ದೂರ, ಆದರೂ ಹೋಗಲಿಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಆಗಲೂ ಹೋಗಲಿಲ್ಲ. ಕಾಗದದಂಗಡಿಯಿಂದ ಬಂದ ಮೇಲಿನ ಭಾನುವಾರ ಕೊನೆಗೂ ಹೋದೆ. ಹೇಳಬೇಕಾದ್ದನ್ನೆಲ್ಲ ಟ್ರೇನಿನಲ್ಲಿ ಮರಾಠಿಯಲ್ಲಿ ಜೋಡಿಸಿಕೊಂಡಿದ್ದೆ. ಬಾಗಿಲು ತೆರೆದವರು ಬಾಯಿಯವರ ಮಗ, ನನ್ನ ವಯಸ್ಸಿನವರೇ. ಅಮ್ಮ, ಅವರ ಮಾತಿನಲ್ಲಿ ಆಯಿ, ತೀರಿಹೋಗಿ ಎರಡು ವರ್ಷವಾಯಿತು ಎಂದರು.

ಕೂರಿಸಿ ಚಹಾ ಕೊಟ್ಟರು. ಆ ಶಾಲೆಯ ವಿದ್ಯಾರ್ಥಿನಿ ಎಂದು ಕೇಳಿ ಅವರಿಗೆ ಸಂತೋಷ. ಆಯಿಗೆ ಶಾಲೆ ಎಂದರೆ ಜೀವ, ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ರಟ್ಟು ಕತ್ತರಿ ಮುಟ್ಟಲಿಲ್ಲ ಎಂದರು. ಆಮೇಲೆ ತಾವಾಗಿಯೇ ಹೇಳಿದರು. "ಕಾಯ್ ಕರಣಾರ್, ತಿನೇಚ್ ಸೋಡಲೀ ನೋಕರೀ. ಗುಡಘೇ ದುಖಾಯಚೇ." ಏನು ಮಾಡುವುದು, ಅವಳೇ ಕೆಲಸ ಬಿಟ್ಟಳು, ಮೊಣಕಾಲು ನೋಯುತ್ತಿತ್ತು.

ಮನೆಯವರ ಹತ್ತಿರವೂ ಬಾಯಿಯವರು ನಡೆದದ್ದನ್ನು ಹೇಳಿರಲಿಲ್ಲ. ಬಿಡಿಸಿ ಹೇಳುವುದು ಈಗ ನನ್ನ ಕೆಲಸವಾಗಿತ್ತು, ಮಾತೂ ಸಿದ್ಧವಿತ್ತು. ಹೊಡೆಯುವವರು ಯಾರೂ ಇಲ್ಲ, ಅಮ್ಮ ನನ್ನ ಮನೆಯಲ್ಲೇ ನೆಮ್ಮದಿಯಾಗಿದ್ದಾಳೆ. ಆ ಮನುಷ್ಯನ ಮುಖ ನೋಡುತ್ತ ಚಹಾದ ಲೋಟ ಕೆಳಗಿಟ್ಟೆ.

"ಹೌದು," ಎಂದೆ. "ಮೂರು ಮಹಡಿ ಹತ್ತುವುದು ಕಷ್ಟವೇ ಆಗಿತ್ತು."