ಕೆಮ್ಮು ಯಾವ ಪಾಠದಾಗ ಬರ್ತೈತಿ

ಆದವಾನಿಯ ನಮ್ಮ ಕನ್ನಡ ಶಾಲೆಯ ವಿಜ್ಞಾನದ ಟೀಚರಿಗೆ ಬಾಯಿಪಾಠ ಅಂದರೆ ಮೈ ಉರಿಯುತ್ತಿತ್ತು. ನಾವು ಏನು ಒಪ್ಪಿಸಿದರೂ ಸೀಮೆಸುಣ್ಣ ಹತ್ತಿದ ಬೆರಳಿನಿಂದ ಕನ್ನಡಕ ಮೇಲೆತ್ತಿ, "ಆಮ್ಯಾಲೆ ಏನಾತು?" ಅನ್ನುವರು.

ಒಮ್ಮೆ ಸಮಾಜ ಪಾಠದ ಮಾಸ್ತರರು ಪರೀಕ್ಷೆಯಲ್ಲಿ, ಹತ್ತಿ ಮಿಲ್ಲುಗಳಿಂದ ಊರಿಗಾದ ಪರಿಣಾಮ ಕೇಳಿದರು. ಗೈಡಿನ ಉತ್ತರ, ಉದ್ಯೋಗ ಹೆಚ್ಚಿತು. ಅದನ್ನು ಬರೆದ ನನ್ನ ಗೆಳತಿ ಕೆಳಗೆ, "ಹತ್ತಿ ಧೂಳಿಗೆ ನಮ್ಮವ್ವಗ ಕೆಮ್ಮು ಹತ್ತಿತು" ಅಂತ ಸೇರಿಸಿದಳು. ಮಾಸ್ತರರು ಕೆಂಪು ಗೀಟು ಎಳೆದು, ಎಲ್ಲರೆದುರು ಓದಿ ನಕ್ಕರು. ಆ ನಗು ನೆನೆದರೆ ನನಗೆ ಇವತ್ತಿಗೂ ರಕ್ತ ಕುದಿಯುತ್ತದೆ.

ವಿಜ್ಞಾನದ ಟೀಚರು ಆ ಪೇಪರ್ ಹಿಡಿದು ಮಾಸ್ತರರ ಹತ್ತಿರ ಬಂದರು. "ಇದರಾಗ ತಪ್ಪೇನೈತ್ರಿ ಸಾರ್?"

"ಕೆಮ್ಮು ಸೈನ್ಸಿಗೆ ಬರ್ತೈತಿ ಮೇಡಂ, ಸೋಷಲ್‌ಗೆ ಅಲ್ಲ."

"ಹಂಗಂತ ಆಕಿ ಅವ್ವಗ ನೀವ ಹೋಗಿ ಹೇಳ್ರಿ!"

ಅಂಕ ಬರಲಿಲ್ಲ. ಮುಂದಿನ ವಾರ ಟೀಚರು ವಿಜ್ಞಾನದ ಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟರು. ಅರ್ಧ ತರಗತಿಯ ಪೇಪರಿನಲ್ಲಿ ಯಾರದೋ ಅವ್ವ, ಯಾರದೋ ಅಕ್ಕ ಕೆಮ್ಮುತ್ತಿದ್ದರು. ಟೀಚರು ಆ ಕಟ್ಟನ್ನೇ ಒಯ್ದು ಮಾಸ್ತರರ ಮೇಜಿನ ಮೇಲೆ ಕುಕ್ಕಿದರು.

"ಸೈನ್ಸಿಗೆ ಬಂತ್ರಿ ಸಾರ್. ಆಮ್ಯಾಲೆ ಏನಾತು? ಕೆಮ್ಮಿದವರ ಮನಿಗೆ ಏನಾತು ಅನ್ನೂದು ನಿಮ್ಮ ಪಾಠ, ನೀವ ಹೇಳ್ರಿ."