ಒಂದೇ ಬ್ರಷ್ಷಿನ ಪರೀಕ್ಷೆ

ರೋಸ್ವಿಟಾ ಬ್ಯೂಲರಳಿಗೆ ಐವತ್ತೇಳು ವರ್ಷ. ಅದರಲ್ಲಿ ಇಪ್ಪತ್ತೆರಡನ್ನು ಅವಳು ಮೊಣಕಾಲೂರಿ ಕಾರಿನ ಚಕ್ರಗಳ ಮುಂದೆ ಕಳೆದಿದ್ದಾಳೆ. ರಾಯ್ಟ್‌ಲಿಂಗನ್ ಊರಾಚೆಯ ಕಾರು ತೊಳೆಯುವ ಅಂಗಳದಲ್ಲಿ ಕಾರಿನ ಮೈ ತೊಳೆಯುವವರು ಬೇರೆ, ಒಳಗಿನ ಧೂಳು ತೆಗೆಯುವವರು ಬೇರೆ. ಚಕ್ರ ಮಾತ್ರ ರೋಸಿಯದು, ಅಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಾಗೇ. ಈಸ್ಟರ್ ಹತ್ತಿರ ಬಂದರೆ ಊರಿಗೆ ಊರೇ ಚಳಿಗಾಲದ ಚಕ್ರ ಬಿಚ್ಚಿ ಬೇಸಿಗೆಯದನ್ನು ಹಾಕಿಸುತ್ತದಲ್ಲ, ಆಗ ಅವಳಿಗೆ ಸೊಂಟ ನೆಟ್ಟಗೆ ಮಾಡಲೂ ಪುರುಸೊತ್ತಿಲ್ಲ. ನಾಲ್ಕು ತಿಂಗಳು ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು, ಬ್ರೇಕಿನ ಕಪ್ಪು ಪುಡಿ, ಎಲ್ಲಾ ಅವಳ ಉಗುರಿಗೇ ಬರಬೇಕು.

ಅವಳದು ಮೂರು ಬ್ರಷ್ಷಿನ ಲೆಕ್ಕ. ರಿಮ್ಮಿನ ಮುಖಕ್ಕೆ ಹಂದಿಕೂದಲಿನ ಮೆತ್ತನೆಯದು. ಅದರ ಬೆನ್ನಿಗೆ, ಸ್ಪೋಕಿನ ಸಂದಿಯಲ್ಲಿ ತೂರುವಂಥ ಉದ್ದನೆಯ ಉಣ್ಣೆಯದು. ಮಡ್‌ಗಾರ್ಡಿನ ಒಳಗೆ ಕೆಸರು ಮೆತ್ತಿರುವ ಜಾಗಕ್ಕೆ ಗಡುಸಾದದ್ದು, ಉದ್ದ ಹಿಡಿಯದು. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟಿಸುವ ಹಾಗಿಲ್ಲ. ಹಳೆಯ ಯಜಮಾನ ಗಾಟ್‌ಲೋಬ್ ಪ್ರತಿ ವಸಂತದಲ್ಲೂ ಬ್ರಷ್ಷು ಆರಿಸಲು ಅವಳನ್ನೇ ಅಂಗಡಿಗೆ ಕಳಿಸುತ್ತಿದ್ದ. ಅವಳು ಕೂದಲನ್ನು ತನ್ನ ಕೆನ್ನೆಗೆ ಉಜ್ಜಿ ನೋಡುತ್ತಿದ್ದಳು. ಕೆನ್ನೆಗೆ ಚುಚ್ಚಿದ್ದು ರಿಮ್ಮಿಗೆ ಬೇಡ. ಅಂಗಡಿಯವರು ನಗುತ್ತಿದ್ದರು, ನಗಲಿ ಬಿಡಿ.

ಗಾಟ್‌ಲೋಬನಿಗೆ ಮಂಡಿ ಹೋಯಿತು, ಮನೆಯಲ್ಲಿ ಕೂತ. ಅವನ ಜಾಗಕ್ಕೆ ಅಳಿಯ ಥಾರ್ಸ್ಟನ್ ಬಂದ. ಅಲ್ಲಿಯವರೆಗೆ ಬಚ್ಚಲಮನೆಯ ಟೈಲ್ಸ್ ಮಾರುತ್ತಿದ್ದ ಮಹಾಶಯ. ಬಂದ ತಿಂಗಳಲ್ಲೇ ಯಾರೋ ಏಜೆಂಟ್ ಅವನ ಕೈಗೆ ಒಂದು ಸ್ಯಾಂಪಲ್ ತುರುಕಿ ಹೋದ. ನೈಲಾನ್ ಬ್ರಷ್ಷು, ಮುಖಕ್ಕೂ ಅದೇ, ಬೆನ್ನಿಗೂ ಅದೇ, ಮಡ್‌ಗಾರ್ಡಿಗೂ ಅದೇ.

"ಬ್ರಷ್ಷು ಅಂದ್ಮೇಲೆ ಬ್ರಷ್ಷೇ ಅಲ್ವಾ ಫ್ರೌ ಬ್ಯೂಲರ್? ಮೂರು ಮೂರು ಯಾಕೆ?" ಅಂದ.

"ನೀವು ಶೂ ಉಜ್ಜಿದ ಬ್ರಷ್ಷಲ್ಲೇ ಹಲ್ಲುಜ್ತೀರಾ?" ಅಂದಳು ರೋಸಿ. "ಮಡ್‌ಗಾರ್ಡಿನ ಮರಳು ಕೂದಲಲ್ಲಿ ಸಿಕ್ಕೊಳತ್ತೆ. ಅದನ್ನೇ ತಂದು ರಿಮ್ಮಿಗೆ ಉಜ್ಜಿದ್ರೆ ಗೀರು ಬೀಳತ್ತೆ. ಇದರ ತುದಿ ನೋಡಿ, ಒಳಗಿನ ತಂತಿ ಆಗ್ಲೇ ಇಣುಕ್ತಾ ಇದೆ."

ಎರಡು ವಾರ ಹೇಳಿದಳು. ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಸುಮ್ಮನಿರುತ್ತಿತ್ತು. ಇವನು ತಲೆಯಾಡಿಸಿ ನಗುತ್ತಿದ್ದ, ಅದು ಇನ್ನೂ ಉರಿಸುತ್ತಿತ್ತು.

ಕೊನೆಗೆ ಈಸ್ಟರ್ ಹಿಂದಿನ ಗುರುವಾರ ಬೆಳಿಗ್ಗೆ ತನ್ನ ಸ್ವಂತ ಕಾರನ್ನೇ ತಂದು ಅವಳೆದುರು ನಿಲ್ಲಿಸಿದ. ಹೊಸ ಕಾರು, ಕನ್ನಡಿಯಂಥ ಕಪ್ಪು ರಿಮ್ಮುಗಳು.

"ತಗೊಳ್ಳಿ, ಇದನ್ನೇ ತೊಳೀರಿ, ಹೊಸ ಬ್ರಷ್ಷಲ್ಲಿ. ಮಧ್ಯಾಹ್ನ ಆರ್ಡರ್ ಕಳಿಸ್ಬೇಕು. ಒಂದು ಗೀರು ಬಿದ್ರೂ ಈ ವರ್ಷದ ಬ್ರಷ್ಷು ನೀವೇ ಆರಿಸಿ. ಬೀಳ್ಲಿಲ್ಲ ಅಂದ್ರೆ ಹನ್ನೆರಡು ತರಿಸ್ತೀನಿ, ತಲೆಗೊಂದು, ಇಲ್ಲಿ ಎಲ್ಲಾ ಕೆಲಸಕ್ಕೂ ಇದೇ, ಮತ್ತೆ ಆ ವಿಷಯ ಎತ್ಬಾರದು." ಹೇಳಿ ಕಚೇರಿಗೆ ಹೋದ.

ಪಕ್ಕದಲ್ಲಿ ಕಾರಿನ ಬಾಗಿಲು ಒರೆಸುತ್ತಿದ್ದ ಮಿರ್ಸಾದ್ ಬಟ್ಟೆ ಕೆಳಗಿಟ್ಟೇಬಿಟ್ಟ. "ರೋಸಿ! ಕೇಳಿಸ್ತಾ? ಹುಡುಕ್ಕೊಂಡು ಬಂದಿದೆ ನಿನ್ನ ಅದೃಷ್ಟ. ಅವನು ಹೇಳಿದ ಹಾಗೇ ಉಜ್ಜು, ಸಾಕು."

ಹೌದಲ್ಲ, ಅಷ್ಟೇ ತಾನೇ. ರೋಸಿ ಮೊದಲು ಮಡ್‌ಗಾರ್ಡಿನ ಒಳಗನ್ನು ಉಜ್ಜಿದಳು. ಹಿಡಿ ಹಿಡಿ ಮರಳು ಇಳಿಯಿತು, ಕೂದಲಿನ ಬುಡದಲ್ಲಿ ಬಿಳಿಯ ಕಲ್ಲುಪುಡಿ ಕೂತಿತು. ಅದೇ ಬ್ರಷ್ಷನ್ನು ರಿಮ್ಮಿನ ಹತ್ತಿರ ತಂದಳು. ಒಂದು ಸುತ್ತು ಉಜ್ಜಿದರೆ ವರ್ಷವೆಲ್ಲಾ ಗೆದ್ದ ಹಾಗೆ.

ಕೈ ಮುಂದೆ ಹೋಗಲಿಲ್ಲ.

"ಏನಾಯ್ತೇ? ಕೈಗೆ ಲಕ್ವ ಹೊಡೀತಾ?" ಅಂದ ಮಿರ್ಸಾದ್.

"ಸುಮ್ನಿರೋ!"

ಇನ್ನೊಂದು ಸಲ ತಂದಳು. ಕೆಳಗಡೆ, ಯಾರಿಗೂ ಕಾಣದ ಕಡೆ ಒಂದೇ ಒಂದು ಗೀರು ಸಾಕು ಅಂದುಕೊಂಡಳು. ಆ ಹೊಳೆಯುವ ಕಪ್ಪಿನಲ್ಲಿ ಅವಳ ಮುಖವೇ ಕಾಣುತ್ತಿತ್ತು. ಥೂ, ಈ ಹಾಳು ಕೈಯೇ! ಇಪ್ಪತ್ತೆರಡು ವರ್ಷ ಗೀರು ಬೀಳಬಾರದು ಎಂದು ಕಲಿಸಿದ್ದಾಯಿತು, ಈಗ ಬೀಳಿಸು ಎಂದರೆ ಕೇಳುತ್ತಿಲ್ಲ. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂತು. ಥಾರ್ಸ್ಟನ್ ಮೇಲಲ್ಲ, ತನ್ನ ಮೇಲೇ.

ನೈಲಾನ್ ಬ್ರಷ್ಷನ್ನು ಬಕೆಟ್ಟಿಗೆ ಎಸೆದಳು. ಏಪ್ರನ್ನಿನ ಜೇಬಿನಿಂದ ತಾನೇ ದುಡ್ಡು ಕೊಟ್ಟು ತಂದಿದ್ದ ಹಂದಿಕೂದಲಿನದನ್ನು ತೆಗೆದು ಉಜ್ಜಲು ಕೂತಳು. ಬೆನ್ನಿಗೆ ಉಣ್ಣೆಯದು. ಸೋಪು, ನೀರು, ಮತ್ತೆ ನೀರು. ಒಂದಾದ ಮೇಲೊಂದು ನಾಲ್ಕು ಚಕ್ರಗಳೂ ಆದವು.

"ನಿನಗೆ ತಲೆ ಕೆಟ್ಟಿದೆ," ಅಂದ ಮಿರ್ಸಾದ್. "ಇನ್ನು ನಾವೆಲ್ಲಾ ಅವನ ಆ ಪೊರಕೆಯಲ್ಲೇ ಸಾಯ್ಬೇಕು."

ಮಧ್ಯಾಹ್ನ ಥಾರ್ಸ್ಟನ್ ಆರ್ಡರಿನ ಕಾಗದ ಹಿಡಿದುಕೊಂಡೇ ಬಂದ. ಕುಕ್ಕರಗಾಲಲ್ಲಿ ಕೂತು ಒಂದೊಂದು ರಿಮ್ಮಿನ ಮೇಲೂ ಟಾರ್ಚ್ ಬಿಟ್ಟ. ಒಂದು ಕೂದಲೆಳೆಯಷ್ಟು ಗೀರಿಲ್ಲ.

"ನಾನು ಹೇಳ್ಲಿಲ್ವಾ!" ಎಂದು ಎದ್ದ. ಮುಖವೆಲ್ಲಾ ಹಲ್ಲು. "ಎರಡು ವಾರ ಸುಮ್ನೆ ಗೋಳಾಡಿದ್ರಿ. ಎಷ್ಟು ಚೆನ್ನಾಗಿ ಬಂದಿದೆ ನೋಡಿ ಈ ಬ್ರಷ್ಷಲ್ಲಿ!"

ರೋಸಿ ಸುಮ್ಮನಿರಬಹುದಿತ್ತು. ಹೊರಗಿನ ಸಾಮಾನು ತರಬಾರದೆಂದು ಅವನೇ ಗೋಡೆಗೆ ಚೀಟಿ ಅಂಟಿಸಿದ್ದ. ಆದರೆ ಆ ಹೊಳಪಿನ ಹೆಸರು ಆ ನೈಲಾನಿಗೆ ಹೋಗುವುದನ್ನು ಅವಳಿಂದ ನೋಡಲಾಗಲಿಲ್ಲ. ಜೇಬಿಗೆ ಕೈ ಹಾಕಿ ತನ್ನ ಬ್ರಷ್ಷುಗಳನ್ನು ತೆಗೆದು ಅವನ ಕೈಗೇ ಇಟ್ಟಳು.

"ನಿಮ್ಮದು ಬಕೆಟ್ಟಲ್ಲಿ ಬಿದ್ದಿದೆ. ರಿಮ್ಮು ತೊಳೆದಿದ್ದು ಇವು. ನಿಮ್ಮದರಲ್ಲಿ ತೊಳೆದಿದ್ರೆ ನಾಲ್ಕೂ ಹಾಳಾಗ್ತಿತ್ತು, ನನಗೆ ಮನಸ್ಸು ಬರ್ಲಿಲ್ಲ. ಈಗ್ಲಾದ್ರೂ ಅರ್ಥ ಮಾಡ್ಕೊಳ್ಳಿ."

ಥಾರ್ಸ್ಟನ್ ಹಂದಿಕೂದಲಿನದನ್ನು ತಿರುಗಿಸಿ ತಿರುಗಿಸಿ ನೋಡಿದ. ಹೆಬ್ಬೆರಳಿನಿಂದ ಕೂದಲನ್ನು ಸವರಿದ. ತನ್ನ ರಿಮ್ಮಿನ ಕಡೆ ನೋಡಿದ, ಮತ್ತೆ ಬ್ರಷ್ಷಿನ ಕಡೆ ನೋಡಿದ. ಅವನ ಮುಖದಲ್ಲಿ ಏನೋ ಹೊಳೆದ ಹಾಗೆ ಕಂಡಿತು. ರೋಸಿಯ ಎದೆ ಹಗುರಾಯಿತು.

"ಇವು ನಿಮ್ಮ ಸ್ವಂತದ್ದಾ?"

"ಹೂಂ."

"ಬಹಳ ಚೆನ್ನಾಗಿವೆ ಕಣ್ರೀ. ನೀವು ಇವನ್ನ ಇಟ್ಕೊಳ್ಳೋಕೆ ನನ್ನ ಅಭ್ಯಂತರ ಇಲ್ಲ," ಅಂದ ಥಾರ್ಸ್ಟನ್, ದೊಡ್ಡ ಮನಸ್ಸು ಮಾಡಿದವನ ಹಾಗೆ. ಬ್ರಷ್ಷುಗಳನ್ನು ಅವಳಿಗೆ ವಾಪಸು ಕೊಟ್ಟು, ಕಾಗದವನ್ನು ಬಾನೆಟ್ಟಿನ ಮೇಲಿಟ್ಟು, ಹನ್ನೆರಡು ಎಂದಿದ್ದುದನ್ನು ಹೊಡೆದು ಹನ್ನೊಂದು ಎಂದು ಬರೆದ.